ಮೇಜಿನಿಂದ ಪರದೆಗೆ: ಮರೆತುಹೋದ ಆಟಗಳ ಮರುಹುಟ್ಟು

ಆಟವೊಂದು ಸಾಯುವುದು ಹೇಗೆ? ಪುಸ್ತಕ ಕಪಾಟಿನಲ್ಲಿ ಐವತ್ತು ವರ್ಷ ದೂಳು ತಿಂದರೂ ಪುಸ್ತಕವೇ. ಯಾರಾದರೂ ತೆಗೆದು ಓದಿದರೆ ಮತ್ತೆ ಮಾತಾಡುತ್ತದೆ. ಆಟದ ಗತಿ ಹಾಗಲ್ಲ. ಅಜ್ಜಿಯ ಅಳಗುಳಿ ಮಣೆ ಅಟ್ಟ ಸೇರಿರುವ ಮನೆಗಳವರಿಗೆ ಇದು ಗೊತ್ತು. ಮಣೆ ಇದೆ, ಹುಣಿಸೆ ಬೀಜಕ್ಕೂ ಬರವಿಲ್ಲ. ಗುಳಿಗೆ ಎಷ್ಟು ಬೀಜ ಹಾಕಬೇಕು, ಮುಂದಿನ ಗುಳಿ ಬರಿದಾಗಿದ್ದರೆ ಏನು ಮಾಡಬೇಕು ಎಂದು ಹೇಳಿಕೊಡುವವರು ಮಾತ್ರ ಇಲ್ಲ. ಆಟ ಇರುವುದು ಮಣೆಯಲ್ಲಿ ಅಲ್ಲ, ಆಡುವವರ ನಡುವೆ.

ಇದೇ ಕಷ್ಟ ಈಗ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ 1970 ಹಾಗೂ 80ರ ದಶಕಗಳಲ್ಲಿ ಹುಟ್ಟಿದ ಒಂದು ಜಾತಿಯ ಆಟಗಳಿಗೆ ಬಂದಿದೆ. ಇಂಗ್ಲಿಷಿನಲ್ಲಿ ಅವುಗಳ ಹೆಸರು ರೋಲ್ ಪ್ಲೇಯಿಂಗ್ ಗೇಮ್. ನಾವು ಪಾತ್ರಧಾರಿ ಆಟ ಎನ್ನಬಹುದು. ಅವುಗಳಲ್ಲಿ ಒಂದೆರಡು ಲೋಕಪ್ರಸಿದ್ಧವಾದವು. ಉಳಿದ ಹಲವು ಕೆಲವು ಸಾವಿರ ಪ್ರತಿ ಮಾರಾಟವಾಗಿ, ಪ್ರಕಾಶಕರು ಬಾಗಿಲು ಹಾಕಿದಾಗ ಮೂಲೆ ಸೇರಿದವು. ಹೀಗೆ ಮೂಲೆ ಸೇರಿದ ಆಟಗಳನ್ನು ಹುಡುಕಿ ತೆಗೆದು, ಬೇರೆ ಬೇರೆ ಊರು, ಬೇರೆ ಬೇರೆ ದೇಶಗಳಲ್ಲಿ ಕುಳಿತವರು ಕಂಪ್ಯೂಟರ್ ಪರದೆಯ ಮೇಲೆ ಒಟ್ಟಾಗಿ ಆಡುವಂತೆ ಅಳವಡಿಸುವ ಕೆಲಸವನ್ನು ಕೆಲವು ಹವ್ಯಾಸಿಗಳು ಮಾಡುತ್ತಿದ್ದಾರೆ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಖಯಾಲಿ. ಸ್ವಲ್ಪ ಒಳಹೊಕ್ಕು ನೋಡಿದರೆ ಇದರಲ್ಲಿ ಗಣಿತವಿದೆ, ಕಾನೂನು ಇದೆ, ನಮ್ಮ ಓಲೆಗರಿ ಸಂಪಾದಕರಿಗೆ ಚೆನ್ನಾಗಿ ಪರಿಚಯವಿರುವ ಪಾಠಾಂತರದ ತಲೆನೋವೂ ಇದೆ.

ದಾಳ, ಮಾತು, ಕಾಗದ

ಮೊದಲು ಈ ಆಟ ಎಂಥದು ಎಂದು ತಿಳಿಯೋಣ. ತಾಳಮದ್ದಳೆ ಕೇಳಿದವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕುಳಿತು, ಒಬ್ಬರು ಕೃಷ್ಣನಾಗಿ ಇನ್ನೊಬ್ಬರು ಕೌರವನಾಗಿ ಆಶುವಾಗಿ ಮಾತಾಡುತ್ತಾರೆ. ಭಾಗವತರು ಪದ್ಯ ಹೇಳಿ ಪ್ರಸಂಗವನ್ನು ಮುಂದೆ ನಡೆಸುತ್ತಾರೆ. ಪಾತ್ರಧಾರಿ ಆಟವೂ ಹೀಗೆಯೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ಅಂತರಿಕ್ಷದ ವ್ಯಾಪಾರಿ. ಭಾಗವತರ ಸ್ಥಾನದಲ್ಲಿ ಒಬ್ಬ ಆಟದ ಯಜಮಾನ ಇರುತ್ತಾನೆ. 'ನಿಮ್ಮೆದುರು ಕಬ್ಬಿಣದ ಬಾಗಿಲಿದೆ, ಒಳಗಿನಿಂದ ಏನೋ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?' ಎಂದು ಅವನು ಕೇಳುತ್ತಾನೆ. ಆಟಗಾರರು ಉತ್ತರಿಸುತ್ತಾರೆ.

ವ್ಯತ್ಯಾಸ ಇರುವುದು ಒಂದು ಕಡೆ. ತಾಳಮದ್ದಳೆಯಲ್ಲಿ ಕೌರವ ಎಷ್ಟೇ ಚೆನ್ನಾಗಿ ವಾದಿಸಿದರೂ ಗದಾಯುದ್ಧದಲ್ಲಿ ಅವನ ತೊಡೆ ಮುರಿಯಲೇಬೇಕು, ಪ್ರಸಂಗ ಗೊತ್ತಾದದ್ದು. ಪಾತ್ರಧಾರಿ ಆಟದಲ್ಲಿ ಅಂತ್ಯ ಯಾರಿಗೂ ಗೊತ್ತಿಲ್ಲ. ಬಾಗಿಲು ಮುರಿಯುತ್ತದೋ ಇಲ್ಲವೋ ಎಂಬುದನ್ನು ಪಗಡೆಯಲ್ಲಿ ಗರ ಬೀಳುವಂತೆ ದಾಳ ಹೇಳುತ್ತದೆ. ಯಾವ ಸಂದರ್ಭಕ್ಕೆ ಯಾವ ದಾಳ, ಎಷ್ಟು ಬಿದ್ದರೆ ಗೆಲುವು ಎಂಬುದು ನಿಯಮದ ಪುಸ್ತಕದಲ್ಲಿರುತ್ತದೆ. ಪಾತ್ರದ ಬಲ, ಬುದ್ಧಿ, ಆಯುಧ, ಗಾಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಬೇಕು.

ಈ ಜಾತಿಯ ಮೊದಲ ಮುದ್ರಿತ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನಿಂದ ಟಿಎಸ್‌ಆರ್ ಸಂಸ್ಥೆ 1974ರಲ್ಲಿ ಇದನ್ನು ಹೊರತಂದಿತು. ಮೊದಲ ಮುದ್ರಣ 1,000 ಪ್ರತಿ; ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂರು ಪುಸ್ತಿಕೆ, ಬೆಲೆ 10 ಡಾಲರ್. ಇದು ಗೆದ್ದಿತು. ಇದರ ಬೆನ್ನಿಗೇ ಆಟಗಳ ಸುಗ್ಗಿಯೇ ಬಂತು. 1975ರಲ್ಲಿ 17ನೇ ಶತಮಾನದ ಪ್ಯಾರಿಸ್ಸಿನ ಕತ್ತಿವರಸೆಯ 'ಆನ್ ಗಾರ್ಡ್', 1976ರಲ್ಲಿ ಆಟಗಾರರೆಲ್ಲ ಮೊಲಗಳಾಗುವ 'ಬನ್ನೀಸ್ ಅಂಡ್ ಬರೋಸ್', 1977ರಲ್ಲಿ ಅಂತರಿಕ್ಷದ 'ಟ್ರಾವೆಲರ್'. 1980ರಲ್ಲಂತೂ 'ಡಲ್ಲಾಸ್' ಎಂಬ ಟಿವಿ ಧಾರಾವಾಹಿಯ ಎಣ್ಣೆ ಬಾವಿಗಳ ಒಡೆಯರ ಜಗಳವೂ ಪಾತ್ರಧಾರಿ ಆಟವಾಗಿ ಪೆಟ್ಟಿಗೆಯಲ್ಲಿ ಬಂತು!

ಪರದೆಯ ಮೇಜು

ಈ ಆಟಕ್ಕೆ ಬೇಕಾದದ್ದು ಜನ, ಅದೂ ಒಂದೇ ಮೇಜಿಗೆ, ಒಂದೇ ಸಂಜೆಗೆ. ಕಾಲೇಜು ಮುಗಿದು, ಕೆಲಸ, ಮದುವೆ, ಮಕ್ಕಳು ಎಂದು ಗುಂಪು ಚದುರಿದರೆ ಆಟ ನಿಂತಂತೆಯೇ. ಪ್ರಸಿದ್ಧ ಆಟಕ್ಕಾದರೆ ಹೊಸ ಊರಿನಲ್ಲೂ ಜೊತೆ ಸಿಕ್ಕಾರು. ಮೊಲಗಳ ಆಟ ಆಡೋಣ ಬನ್ನಿ ಎಂದರೆ ಇಡೀ ಊರಿನಲ್ಲಿ ಒಬ್ಬನೂ ಸಿಗದಿರಬಹುದು. ಆದರೆ ಲೋಕದಲ್ಲಿ ಎಲ್ಲೋ ಐದು ಜನ ಇದ್ದೇ ಇರುತ್ತಾರೆ. ಅವರನ್ನು ಒಂದು ಮೇಜಿಗೆ ತರುವ ಸಾಧನವೇ 'ವರ್ಚುವಲ್ ಟೇಬಲ್‌ಟಾಪ್', ಎಂದರೆ ಪರದೆಯ ಮೇಜು.

2004ರಲ್ಲಿ ಬಂದ 'ಫ್ಯಾಂಟಸಿ ಗ್ರೌಂಡ್ಸ್' ಇಂಥ ತಂತ್ರಾಂಶಗಳಲ್ಲಿ ಹಳೆಯದು. ಒಂದೇ ಕೋಣೆಯಲ್ಲಿ ವಾಸವಿದ್ದ ಮೂವರು ಕಾಲೇಜು ಗೆಳೆಯರು ಊರು ಬಿಟ್ಟ ಮೇಲೂ ಒಟ್ಟಿಗೆ ಆಡಬೇಕೆಂದು 2012ರಲ್ಲಿ ಜನರಿಂದ ಹಣ ಕೂಡಿಸಿ 'ರೋಲ್20' ಕಟ್ಟಿದರು. ಇದು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. 2020ರ ಮೇ ತಿಂಗಳಲ್ಲಿ 'ಫೌಂಡ್ರಿ' ಬಂತು. ಆಟ ನಡೆಸುವವನೊಬ್ಬ ಒಮ್ಮೆ ಕೊಂಡರೆ ಸಾಕು, ಉಳಿದವರು ಕೊಳ್ಳಬೇಕಿಲ್ಲ. ಕೊರೊನಾದಿಂದ ಲೋಕವೇ ಮನೆಯೊಳಗೆ ಕುಳಿತಿದ್ದ ದಿನಗಳವು. ಮೇಜಿಗೆ ಸೇರಲಾಗದ ಗುಂಪುಗಳು ಪರದೆಗೆ ಸೇರಿದವು. ಹಲವರು ಆಮೇಲೂ ಅಲ್ಲೇ ಉಳಿದರು.

ಪರದೆಯ ಮೇಜಿನ ಮೇಲೆ ಇರುವುದೇನು? ನಡುವೆ ಒಂದು ನಕ್ಷೆ, ಅದರ ಮೇಲೆ ಚೌಕ ಅಥವಾ ಷಟ್ಕೋನದ ಮನೆಗಳು. ಪ್ರತಿ ಪಾತ್ರಕ್ಕೊಂದು ಕಾಯಿ. ಎಳೆದರೆ ಎಲ್ಲರ ಪರದೆಯಲ್ಲೂ ಸರಿಯುತ್ತದೆ. ಇನ್ನೂ ಕಾಲಿಡದ ಕೋಣೆಗಳ ಮೇಲೆ ಕಪ್ಪು ಮುಸುಕು, ಯಜಮಾನ ಸರಿಸಿದಾಗ ಮಾತ್ರ ಕಾಣುವುದು. ಬದಿಯಲ್ಲಿ ಮಾತುಕತೆಯ ಪಟ್ಟಿ. ಎರಡು ದಾಳ ಹಾಕಿ ಮೂರು ಕೂಡಿಸು ಎಂದು ಸಂಕೇತದಲ್ಲಿ ಬರೆದರೆ ಯಂತ್ರವೇ ಹಾಕಿ ಎಲ್ಲರಿಗೂ ತೋರಿಸುತ್ತದೆ. ಇನ್ನೊಂದು ಕಿಟಕಿಯಲ್ಲಿ ಪಾತ್ರದ ಹಾಳೆ.

ಪ್ರಸಿದ್ಧ ಆಟಗಳಿಗೆ ಇದೆಲ್ಲ ಸಿದ್ಧ ಸರಕಾಗಿ ಸಿಗುತ್ತದೆ. ಅಪರೂಪದ ಹಳೆಯ ಆಟಕ್ಕೆ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ. ಆಗ ಹವ್ಯಾಸಿಯೇ ಕುಳಿತು ಒಂದೊಂದನ್ನೂ ಕಟ್ಟಬೇಕು. ಮೊಲಗಳ ಆಟವನ್ನೇ ತೆಗೆದುಕೊಳ್ಳಿ. ಬೇರೆ ಆಟಕ್ಕೆ ಮಾಡಿದ ಹಾಳೆಯಲ್ಲಿ ಬಲ, ಬುದ್ಧಿ, ಚುರುಕುತನಕ್ಕೆಲ್ಲ ಮನೆಗಳಿವೆ. ಮೊಲಕ್ಕೆ ಮುಖ್ಯವಾದ ಇನ್ನೊಂದು ಗುಣವಿದೆ, ಮೂಸಿ ತಿಳಿಯುವ ಶಕ್ತಿ. ಅದಕ್ಕೆ ಜಾಗವೇ ಇಲ್ಲ! ಆದ್ದರಿಂದ ಹಾಳೆಯನ್ನು ಮೊದಲಿನಿಂದ ಬರೆಯಬೇಕು. ಪ್ರತಿ ಮನೆಗೂ ಹೆಸರು ಕೊಡಬೇಕು, ಯಾವ ಮನೆಯ ಅಂಕಿ ಬದಲಾದರೆ ಯಾವುದು ಬದಲಾಗಬೇಕು ಎಂದು ಯಂತ್ರಕ್ಕೆ ಹೇಳಬೇಕು. ರೋಲ್20ರಲ್ಲಿ ಇಂಥ ಹಾಳೆಗಳನ್ನು ವೆಬ್ ಪುಟ ಬರೆಯುವ ಭಾಷೆಯಲ್ಲೇ ಬರೆಯಲಾಗುತ್ತದೆ. ಯಾರು ಬೇಕಾದರೂ ಬರೆದು ಸಾರ್ವಜನಿಕ ಭಂಡಾರಕ್ಕೆ ಸೇರಿಸಬಹುದು. ಒಬ್ಬರು ಬರೆದದ್ದು ಮುಂದಿನವರಿಗೆಲ್ಲ ದಕ್ಕುತ್ತದೆ.

ಕಾಗದ ಸುಮ್ಮನಿರುತ್ತದೆ, ಯಂತ್ರ ಬಿಡುವುದಿಲ್ಲ

ಟೈಪು ಮಾಡುವುದು ಈ ಕೆಲಸದ ಸುಲಭ ಭಾಗ. ಕಷ್ಟ ಇರುವುದು ಅರ್ಥ ಮಾಡಿಕೊಳ್ಳುವುದರಲ್ಲಿ. ಮೊದಲ ಕಾಲದ ಪುಸ್ತಿಕೆಗಳು ಆಟ ಗೊತ್ತಿರುವವರು ಗೊತ್ತಿರುವವರಿಗಾಗಿ ಬರೆದಂತಿವೆ. 1974ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪುಸ್ತಿಕೆಗಳು ಓದುಗರ ಬಳಿ 1971ರ 'ಚೈನ್‌ಮೇಲ್' ಎಂಬ ಯುದ್ಧದಾಟದ ನಿಯಮಾವಳಿ ಇದೆ ಎಂದೇ ಭಾವಿಸುತ್ತವೆ. ಅದು ಇಲ್ಲದವರು ತಮಗೆ ತೋಚಿದಂತೆ ತುಂಬಿಕೊಂಡರು. ಹೀಗಾಗಿ ಊರಿಗೊಂದು ಆಟವಾಯಿತು. ನಮ್ಮಲ್ಲಿ ಚೌಕಾಬಾರದ ಕಟ್ಟುಪಾಡು ಬೀದಿಯಿಂದ ಬೀದಿಗೆ ಬದಲಾಗುವುದಿಲ್ಲವೇ, ಹಾಗೆ.

ಕಾಗದದ ಮೇಲೆ ಇದು ದೋಷವೇ ಅಲ್ಲ. ಪುಸ್ತಕ ಹೇಳದಿದ್ದರೆ ಯಜಮಾನ ಹೇಳುತ್ತಾನೆ, ಆಟ ಮುಂದೆ ಹೋಗುತ್ತದೆ. ಯಂತ್ರದೊಂದಿಗೆ ಈ ಔದಾರ್ಯ ನಡೆಯದು. ಮೊದಲು ಕೂಡಿಸಿ ಆಮೇಲೆ ಅರ್ಧ ಮಾಡಬೇಕೋ, ಅರ್ಧ ಮಾಡಿ ಆಮೇಲೆ ಕೂಡಿಸಬೇಕೋ? ಏಳರ ಅರ್ಧ ಮೂರೋ ನಾಲ್ಕೋ? ಇವನ್ನೆಲ್ಲ ಯಂತ್ರಕ್ಕೆ ಖಚಿತವಾಗಿ ಹೇಳಿಕೊಡಬೇಕು. ಪುಸ್ತಕ ಸುಮ್ಮನಿದ್ದ ಪ್ರತಿಯೊಂದು ಕಡೆಯಲ್ಲೂ ಅಳವಡಿಸುವವನು ತೀರ್ಪು ಕೊಡಬೇಕಾಗುತ್ತದೆ. ಓಲೆಗರಿಯ ಒಂದು ಗರಿ ಮುರಿದಿದ್ದಾಗ ಸಂಪಾದಕ ಏನು ಮಾಡುತ್ತಾನೋ ಇದೂ ಅದೇ. ಊಹಿಸಬೇಕು, ಊಹಿಸಿದ್ದೇನೆ ಎಂದು ಅಡಿಟಿಪ್ಪಣಿ ಹಾಕಬೇಕು. ಅಡಿಟಿಪ್ಪಣಿ ಹಾಕದ ಅಳವಡಿಕೆಯಲ್ಲಿ ಸಂಪಾದಕನ ಊಹೆಯೇ ಮೂಲಕರ್ತೃವಿನ ನಿಯಮವಾಗಿ ಮುಂದಿನವರಿಗೆ ಹೋಗುತ್ತದೆ.

ಆವೃತ್ತಿಗಳ ತೊಡಕೂ ಇದೆ. 'ಟ್ರಾವೆಲರ್' ಆಟದಲ್ಲಿ ಪಾತ್ರವನ್ನು ಸೃಷ್ಟಿಸುವುದೇ ಒಂದು ಆಟ. ಹದಿನೆಂಟರ ಹುಡುಗ ನೌಕಾಪಡೆಗೋ ಸೈನ್ಯಕ್ಕೋ ಸೇರುತ್ತಾನೆ. ನಾಲ್ಕು ನಾಲ್ಕು ವರ್ಷದ ಸೇವಾವಧಿಗಳು. ಪ್ರತಿ ಅವಧಿಗೂ ದಾಳ ಹಾಕಿ ಬದುಕಿದನೇ, ಬಡ್ತಿ ಸಿಕ್ಕಿತೇ, ಏನು ಕಲಿತ ಎಂದು ನೋಡಬೇಕು. 1977ರ ಮೊದಲ ಆವೃತ್ತಿಯಲ್ಲಿ ಬದುಕಿನ ದಾಳ ತಪ್ಪಿದರೆ ಪಾತ್ರ ಅಲ್ಲಿಗೇ ಸತ್ತಿತು. ಆಟ ಆರಂಭವಾಗುವ ಮೊದಲೇ! ಹೆಚ್ಚು ಅವಧಿ ದುಡಿದರೆ ಹೆಚ್ಚು ಕೌಶಲ, ಆದರೆ ಪ್ರತಿ ಸಲವೂ ಪ್ರಾಣವನ್ನೇ ಪಣಕ್ಕಿಡಬೇಕು. 1981ರ ಪರಿಷ್ಕೃತ ಆವೃತ್ತಿ ಇದನ್ನು ಮೆದುಗೊಳಿಸಿತು. ಬೇಕಿದ್ದರೆ ಸಾವಿನ ಬದಲು ಗಾಯಗೊಂಡು ಸೇವೆಯಿಂದ ಹೊರಬಂದನೆಂದು ಇಟ್ಟುಕೊಳ್ಳಬಹುದು ಎಂದಿತು. ಅಳವಡಿಸುವವನು ಯಾವ ಪಾಠ ಹಿಡಿಯಬೇಕು?

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ಯಂತ್ರಕ್ಕೆ ಒಂದು ಗುಂಡಿ ಒತ್ತಿದರೆ ಕ್ಷಣದಲ್ಲಿ ನೂರು ಪಾತ್ರಗಳನ್ನು ಹುಟ್ಟಿಸುವ ಶಕ್ತಿಯಿದೆ. ಹಾಗೆ ಮಾಡಿಬಿಟ್ಟರೆ 'ಇನ್ನೊಂದು ಅವಧಿಗೆ ಹೋಗಲೇ, ಇಲ್ಲಿಗೇ ನಿಲ್ಲಿಸಲೇ' ಎಂಬ ಆ ಎದೆಬಡಿತ ಹೋಯಿತು. ಆಟದ ರುಚಿ ಇದ್ದದ್ದೇ ಅಲ್ಲಿ. ಬಲ್ಲವರು ಇಲ್ಲಿ ಯಂತ್ರದ ವೇಗಕ್ಕೆ ಕಡಿವಾಣ ಹಾಕುತ್ತಾರೆ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ನಿಲ್ಲಿಸಿ ಆಟಗಾರನನ್ನೇ ಕೇಳುವಂತೆ ಬರೆಯುತ್ತಾರೆ. ಲೆಕ್ಕವನ್ನು ಯಂತ್ರಕ್ಕೆ ಕೊಡು, ನಿರ್ಧಾರವನ್ನು ಮನುಷ್ಯನಿಗೆ ಬಿಡು ಎಂಬುದೇ ಈ ಕಸುಬಿನ ಮುಖ್ಯ ಪಾಠ.

ದಾಳದ ಲೆಕ್ಕ

ದಾಳದ ವಿಷಯದಲ್ಲಿ ಅಜಾಗರೂಕತೆ ಎಂಥ ಎಡವಟ್ಟು ಮಾಡೀತು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. 'ಟ್ರಾವೆಲರ್' ಆಟದಲ್ಲಿ ಆರು ಮುಖದ ಎರಡು ದಾಳ ಹಾಕಿ, ಮೊತ್ತ 8 ಅಥವಾ ಹೆಚ್ಚಾದರೆ ಗುಂಡು ಗುರಿ ಮುಟ್ಟಿತು ಎಂದು ನಿಯಮ. ಎರಡು ದಾಳ 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ 15 ಬಗೆಗಳಲ್ಲಿ ಮೊತ್ತ 8 ಅಥವಾ ಮೇಲೆ. ಎಂದರೆ ಗೆಲುವಿನ ಸಾಧ್ಯತೆ ನೂರಕ್ಕೆ ಸುಮಾರು 42.

ಹೇಗೂ ಹೆಚ್ಚೆಂದರೆ 12 ತಾನೆ, ಎರಡು ದಾಳದ ಬದಲು ಹನ್ನೆರಡು ಮುಖದ ಒಂದೇ ದಾಳ ಇಟ್ಟರಾಯಿತು ಎಂದು ಒಬ್ಬ ಅಳವಡಿಸಿದ ಎನ್ನೋಣ. 8ರಿಂದ 12ರವರೆಗೆ ಐದು ಮುಖ. ಹನ್ನೆರಡರಲ್ಲಿ ಐದು ಎಂದರೂ ನೂರಕ್ಕೆ 42! ಪರೀಕ್ಷಿಸಿ ನೋಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಪಾತ್ರಕ್ಕೆ ಬಂದೂಕಿನ ಕೌಶಲ ಎರಡು ಅಂಕ ಇದ್ದು, ಅದನ್ನು ಕೂಡಿಸಬೇಕಾದಾಗ ಬಣ್ಣ ಬಯಲಾಗುತ್ತದೆ. ಈಗ 6 ಬಿದ್ದರೂ ಸಾಕು. ಎರಡು ದಾಳದಲ್ಲಿ 36ಕ್ಕೆ 26 ಬಗೆ, ಅಂದರೆ ನೂರಕ್ಕೆ 72. ಒಂಟಿ ದಾಳದಲ್ಲಿ 12ಕ್ಕೆ 7, ನೂರಕ್ಕೆ 58 ಮಾತ್ರ. ಕಲಿತವನಿಗೂ ಕಲಿಯದವನಿಗೂ ಮೂಲಕರ್ತೃ ಇಟ್ಟಿದ್ದ ಅಂತರವೇ ಕುಗ್ಗಿಹೋಯಿತು. ಕಣ್ಣಿಗೆ ಕಾಣುವ ನಿಯಮ ಹಾಗೆಯೇ ಇದೆ, ಒಳಗಿನ ಲೋಕ ಬೇರೆಯಾಗಿದೆ.

ದಾಳಕ್ಕೂ ಚರಿತ್ರೆಯಿದೆ ಎಂಬುದನ್ನು ಮರೆಯಬಾರದು. ಈ ಆಟಗಳ ಮೊದಲ ದಿನಗಳಲ್ಲಿ ಇಪ್ಪತ್ತು ಮುಖದ ದಾಳಗಳ ಮೇಲೆ 0ಯಿಂದ 9ರವರೆಗಿನ ಅಂಕಿಗಳೇ ಎರಡೆರಡು ಸಲ ಇರುತ್ತಿದ್ದವು. ಅರ್ಧ ಮುಖಗಳಿಗೆ ಬಣ್ಣ ಬಳಿದು, ಆ ಬಣ್ಣ ಬಿದ್ದರೆ ಹತ್ತು ಕೂಡಿಸಿ ಎಂದು ಆಟಗಾರರೇ ದಾರಿ ಮಾಡಿಕೊಂಡರು. ಹಳೆಯ ಪುಸ್ತಿಕೆಯ ಕೆಲವು ವಿಚಿತ್ರ ಸೂಚನೆಗಳ ಗುಟ್ಟು ಇಂಥ ಕಡೆ ಇರುತ್ತದೆ. ಇದು ಗೊತ್ತಿಲ್ಲದೆ ಅಳವಡಿಸಿದರೆ ಅಕ್ಷರ ಉಳಿದು ಅರ್ಥ ಹೋಗುತ್ತದೆ.

ಅಂಚೆಯಲ್ಲಿ ಬೆಳೆದ ಪ್ಯಾರಿಸ್

ಕೆಲವು ಆಟಗಳಿಗೆ ಪರದೆಯೆಂದರೆ ತವರು ಮನೆಯೇ ಸರಿ. 'ಆನ್ ಗಾರ್ಡ್' ಅಂಥದು. ಆಟಗಾರರು 17ನೇ ಶತಮಾನದ ಪ್ಯಾರಿಸ್ಸಿನಲ್ಲಿ ಹೆಸರು ಮಾಡಹೊರಟ ತರುಣರು. ಒಳ್ಳೆಯ ಕ್ಲಬ್ಬಿಗೆ ಸೇರುವುದು, ಪಡೆಯಲ್ಲಿ ಹುದ್ದೆ ಹಿಡಿಯುವುದು, ಸಾಲ ಮಾಡಿಯಾದರೂ ಅಂತಸ್ತು ತೋರಿಸುವುದು, ಮಾನಕ್ಕಾಗಿ ಕತ್ತಿ ಹಿರಿಯುವುದು. ಆಟದ ಒಂದು ತಿಂಗಳಿಗೆ ನಾಲ್ಕು ವಾರ. ಪ್ರತಿ ವಾರ ಏನು ಮಾಡುತ್ತೇನೆಂದು ಪ್ರತಿಯೊಬ್ಬನೂ ಮೊದಲೇ ಗುಟ್ಟಾಗಿ ಬರೆದಿಡಬೇಕು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ನೋಡುವುದು. ದ್ವಂದ್ವಯುದ್ಧವೂ ಹಾಗೆಯೇ. ಒಂದರ ಹಿಂದೊಂದು ಯಾವ ಪಟ್ಟು ಹಾಕುತ್ತೇನೆ, ಯಾವಾಗ ತಡೆಯುತ್ತೇನೆ, ಯಾವಾಗ ಉಸಿರು ತೆಗೆದುಕೊಳ್ಳುತ್ತೇನೆ ಎಂದು ಇಬ್ಬರೂ ಬರೆಯಬೇಕು. ನಂತರ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಯಾರ ಕತ್ತಿ ಯಾರಿಗೆ ತಾಗಿತೆಂದು ತಿಳಿಯುತ್ತದೆ.

ಬರೆದು ಕಳಿಸುವುದೇ ಆಟವಾದ ಮೇಲೆ ಒಂದೇ ಕೋಣೆಯಲ್ಲಿ ಕೂರಬೇಕಾದ ಅಗತ್ಯವೇನು? ಬ್ರಿಟನ್ನಿನ ಹವ್ಯಾಸಿಗಳು ಇದನ್ನು ಅಂಚೆಯಲ್ಲಿ ಆಡಿದರು, ಇಮೇಲ್ ಬಂದ ಮೇಲೆ ಇಮೇಲಿನಲ್ಲಿ ಮುಂದುವರಿಸಿದರು. ಇದನ್ನು ಪ್ರಕಟಿಸಿದ್ದ ಅಮೆರಿಕದ ಜಿಡಿಡಬ್ಲ್ಯು ಸಂಸ್ಥೆ 1996ರಲ್ಲಿ ಮುಚ್ಚಿತು, ಆಟ ಮುಚ್ಚಲಿಲ್ಲ. ಇಂಥ ಆಟಕ್ಕೆ ಬಣ್ಣದ ನಕ್ಷೆ, ಕಾಯಿ, ಮಿನುಗುವ ದೀಪ ಯಾವುದೂ ಬೇಕಿಲ್ಲ. ಒಂದು ನಮೂನೆ, ಗುಟ್ಟು ಕಾಯುವ ಒಂದು ಪೆಟ್ಟಿಗೆ, ಲೆಕ್ಕ ಹಾಕುವ ಒಂದು ಕ್ರಮವಿಧಿ, ಇಷ್ಟಿದ್ದರೆ ಆಯಿತು. ಅಳವಡಿಸುವುದೆಂದರೆ ಎಲ್ಲವನ್ನೂ ಚಿತ್ರಮಯ ಮಾಡುವುದಲ್ಲ ಎಂಬುದಕ್ಕೆ ಈ ಐವತ್ತು ವರ್ಷದ ಆಟ ಒಳ್ಳೆಯ ನಿದರ್ಶನ.

ಕೈಯ ನಡುಕ

ಎಲ್ಲ ಆಟಗಳೂ ಇಷ್ಟು ವಿಧೇಯವಲ್ಲ. 1989ರ 'ಪ್ರಿನ್ಸ್ ವೇಲಿಯಂಟ್' ದಾಳದ ಬದಲು ನಾಣ್ಯ ಚಿಮ್ಮುತ್ತದೆ. ಅದನ್ನು ಯಂತ್ರ ಸಲೀಸಾಗಿ ಮಾಡೀತು. 1994ರ 'ಕ್ಯಾಸಲ್ ಫಾಲ್ಕನ್‌ಸ್ಟೈನ್' ಇಸ್ಪೀಟೆಲೆಯಲ್ಲಿ ನಡೆಯುವ ಆಟ. ದಾಳ ಉರುಳಿಸುವುದು ಮರ್ಯಾದಸ್ಥರಿಗೆ ತಕ್ಕದ್ದಲ್ಲ ಎಂಬುದು ಆ ಲೋಕದ ನಂಬಿಕೆ! ಇಲ್ಲಿ ಪ್ರತಿಯೊಬ್ಬನ ಕೈಯಲ್ಲಿರುವ ಎಲೆ ಅವನಿಗೆ ಮಾತ್ರ ಕಾಣಬೇಕು, ಯಾವ ಎಲೆ ಯಾವಾಗ ಬಿಡಬೇಕೆಂಬ ಲೆಕ್ಕಾಚಾರ ಅವನದೇ ಆಗಿರಬೇಕು. ಯಂತ್ರವೇ ಎಲೆ ಆರಿಸಿಕೊಟ್ಟರೆ ದಾಳಕ್ಕೂ ಇಸ್ಪೀಟಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನು 2005ರ 'ಡ್ರೆಡ್'. ಇದು ಭಯದ ಕಥೆಗಳ ಆಟ. ಮೇಜಿನ ನಡುವೆ ಮರದ ತುಂಡುಗಳ ಒಂದು ಗೋಪುರ. ಪಾತ್ರ ಏನಾದರೂ ಅಪಾಯದ ಕೆಲಸ ಮಾಡಹೊರಟರೆ ಆಟಗಾರ ಗೋಪುರದಿಂದ ಒಂದು ತುಂಡು ಎಳೆದು ಮೇಲೆ ಇಡಬೇಕು. ಗೋಪುರ ಬಿದ್ದರೆ ಪಾತ್ರ ಕಥೆಯಿಂದ ಹೊರಗೆ. ಕಥೆ ಮುಂದುವರಿದಂತೆ ಗೋಪುರ ಓಲಾಡುತ್ತದೆ, ಕೈ ನಡುಗುತ್ತದೆ. ಆ ನಡುಕವೇ ಇಲ್ಲಿ ನಿಯಮ. ಪರದೆಯ ಮೇಲೆ ಗೋಪುರ ಬಿಡಿಸಬಹುದು, ದಾಳದ ಲೆಕ್ಕದಿಂದ ಅದನ್ನು ಬೀಳಿಸಲೂಬಹುದು. ಬೆರಳ ತುದಿಗೆ ಬರುವ ಭಯವನ್ನು ಮೌಸ್ ತರಲಾರದು. ಇಂಥ ಕಡೆ ಅಳವಡಿಸುವವನು ಮೂಲದಂತೆಯೇ ಇದೆ ಎಂದು ಹೇಳಿಕೊಳ್ಳದೆ, ಇದು ಬೇರೆ ಆಟ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಆಟ ಯಾರ ಸೊತ್ತು?

ಮೂಲೆ ಸೇರಿದ ಆಟವೇ ಇರಬಹುದು, ಅದಕ್ಕೂ ಒಡೆಯರಿದ್ದಾರೆ. ಎಸ್‌ಪಿಐ ಎಂಬ ಸಂಸ್ಥೆ 1980ರಲ್ಲಿ 'ಡ್ರ್ಯಾಗನ್‌ಕ್ವೆಸ್ಟ್' ಹೊರತಂದಿತು. 1982ರಲ್ಲಿ ಎಸ್‌ಪಿಐಯನ್ನು ಪ್ರತಿಸ್ಪರ್ಧಿ ಟಿಎಸ್‌ಆರ್ ವಶಪಡಿಸಿಕೊಂಡಿತು. 1989ರಲ್ಲೊಮ್ಮೆ ಹೊಸ ಆವೃತ್ತಿ ತಂದದ್ದಾಯಿತು. 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. 1999ರಲ್ಲಿ ವಿಝರ್ಡ್ಸನ್ನು ಆಟಿಕೆಗಳ ದೈತ್ಯ ಹ್ಯಾಸ್‌ಬ್ರೊ ಕೊಂಡಿತು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಈ ಕಥೆಯಲ್ಲಿ ಚಿಕ್ಕ ಆಟದ ಹಕ್ಕು ದೊಡ್ಡ ಮೀನಿನ ಹೊಟ್ಟೆ ಸೇರುತ್ತದೆ. ಒಡೆಯರು ಅಚ್ಚು ಹಾಕುವುದಿಲ್ಲ, ಬೇರೆಯವರು ಅಚ್ಚು ಹಾಕುವಂತಿಲ್ಲ.

ಕಾಯುತ್ತೇವೆ ಎಂದರೆ ಎಷ್ಟು ಕಾಲ? 1974ರಲ್ಲಿ ಅಮೆರಿಕದಲ್ಲಿ ಕ್ರಮಬದ್ಧವಾಗಿ ಪ್ರಕಟವಾದ ಪುಸ್ತಕದ ಕೃತಿಸ್ವಾಮ್ಯ ಅಲ್ಲಿ 95 ವರ್ಷ. ಅದು ಸಾರ್ವಜನಿಕರ ಸೊತ್ತಾಗುವುದು 2070ರಲ್ಲಿ. ಆಗ ಅದನ್ನು ಮೊದಲು ಆಡಿದವರಲ್ಲಿ ಯಾರೂ ಉಳಿದಿರಲಾರರು.

ಆದರೆ ಕಾನೂನಿನಲ್ಲೇ ಒಂದು ಕಿಂಡಿಯಿದೆ. ಒಂದು ಪದ್ಧತಿಯನ್ನು ವಿವರಿಸುವ ಮಾತುಗಳಿಗೆ ಕೃತಿಸ್ವಾಮ್ಯವಿದೆ, ಪದ್ಧತಿಗೆ ಇಲ್ಲ ಎಂಬ ತತ್ವ ಅಮೆರಿಕದಲ್ಲಿ ಹಳೆಯದು. 1879ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹೇಳಿದ್ದು ಜಮಾಖರ್ಚಿನ ಪುಸ್ತಕವೊಂದರ ಮೊಕದ್ದಮೆಯಲ್ಲಿ. ಲೆಕ್ಕ ಬರೆಯುವ ವಿಧಾನ ಎಲ್ಲರದು, ಅದನ್ನು ವಿವರಿಸಿದ ಪುಸ್ತಕ ಕರ್ತೃವಿನದು. ಅದರಂತೆ ಎರಡು ದಾಳ ಹಾಕಿ ಎಂಟು ನೋಡುವುದನ್ನು ಯಾರೂ ಸ್ವಂತ ಮಾಡಿಕೊಳ್ಳುವಂತಿಲ್ಲ. ಪುಸ್ತಕದ ವಾಕ್ಯ, ಚಿತ್ರ, ಕಥೆ, ಪಾತ್ರಗಳನ್ನು ಯಾರೂ ಎತ್ತಿಕೊಳ್ಳುವಂತಿಲ್ಲ. ಹೀಗಾಗಿ ಎಚ್ಚರವುಳ್ಳ ಹವ್ಯಾಸಿಗಳು ನಿಯಮವನ್ನು ಅರಗಿಸಿಕೊಂಡು ತಮ್ಮ ಮಾತಿನಲ್ಲಿ ಬರೆಯುತ್ತಾರೆ. ಮೂಲದ ಪುಸ್ತಕವನ್ನು ಪುಟಕ್ಕೆ ಪುಟ ಪರದೆಗೆ ಏರಿಸುವುದಿಲ್ಲ. 2006ರಲ್ಲಿ ಬಂದ 'ಓಸ್ರಿಕ್' ಹಳೆಯ 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಇಂಥದೊಂದು ಮರುಬರಹ. 2000ದಲ್ಲಿ ವಿಝರ್ಡ್ಸ್ ಸಂಸ್ಥೆ ಕೊಟ್ಟಿದ್ದ ಮುಕ್ತ ಪರವಾನಗಿ ಅದಕ್ಕೆ ಆಸರೆಯಾಗಿತ್ತು. 2023ರ ಜನವರಿಯಲ್ಲಿ ಆ ಪರವಾನಗಿಯನ್ನೇ ಬದಲಿಸುವ ಹವಣಿಕೆ ಬಯಲಾದಾಗ ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದರು. ಸಂಸ್ಥೆ ಅದೇ ತಿಂಗಳು ಹಿಂದೆ ಸರಿಯಿತು. ಹೊಸ ಕಾಲದ ತನ್ನ ಮೂಲ ನಿಯಮಗಳ ಒಂದು ಸಂಗ್ರಹವನ್ನು, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಕರ್ತೃವಿನ ನೆರಳು

ಹಳೆಯದನ್ನು ಅಗೆದಾಗ ಬಂಗಾರವೊಂದೇ ಸಿಗುವುದಿಲ್ಲ. 1975ರಲ್ಲಿ ಟಿಎಸ್‌ಆರ್ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಎಂಬ ಆಟ ತಂದಿತು. ರಚಿಸಿದವರು ಎಂ.ಎ.ಆರ್. ಬಾರ್ಕರ್. ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರು, ಇಸ್ಲಾಮಿಗೆ ಮತಾಂತರಗೊಂಡಿದ್ದವರು, ಉರ್ದು ಮತ್ತು ಬಲೂಚಿ ಕಲಿಕೆಯ ಪಠ್ಯಗಳನ್ನು ರಚಿಸಿದವರು. ಯೂರೋಪಿನ ಕೋಟೆ ಕೊತ್ತಲಗಳನ್ನು ಬಿಟ್ಟು, ಭಾರತ ಮತ್ತು ಪ್ರಾಚೀನ ಮೆಕ್ಸಿಕೋದ ಛಾಯೆಯುಳ್ಳ 'ಟೇಕುಮೆಲ್' ಎಂಬ ಲೋಕವನ್ನು, ಅದರ ಭಾಷೆ ಮತ್ತು ಲಿಪಿ ಸಮೇತ ಅವರು ಕಟ್ಟಿದ್ದರು. ಈ ಆಟವನ್ನು ಪರದೆಗೆ ತರಹೊರಟವರಿಗೆ ಆ ಲಿಪಿಯ ಅಕ್ಷರಗಳದೇ ದೊಡ್ಡ ಸವಾಲು.

ಬಾರ್ಕರ್ 2012ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 2022ರ ಮಾರ್ಚಿನಲ್ಲಿ, ಅವರ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಒಂದು ಕಹಿ ಸತ್ಯವನ್ನು ಒಪ್ಪಿಕೊಂಡಿತು. 1991ರಲ್ಲಿ ನವನಾತ್ಸಿ ಪ್ರಕಾಶನವೊಂದು ಹೊರತಂದಿದ್ದ, ಯಹೂದಿ ದ್ವೇಷ ತುಂಬಿದ ಒಂದು ಕಾದಂಬರಿಯನ್ನು ಗುಪ್ತನಾಮದಲ್ಲಿ ಬರೆದವರು ಬಾರ್ಕರ್ ಅವರೇ ಎಂದು. ದಶಕಗಳ ಕಾಲ ಆ ಲೋಕವನ್ನು ಪ್ರೀತಿಸಿದ ಆಟಗಾರರಿಗೆ ಇದು ಸಿಡಿಲು ಬಡಿದಂತಾಯಿತು. ಈಗ ಏನು ಮಾಡಬೇಕು? ಆಟವನ್ನು ಬಿಟ್ಟುಬಿಡಬೇಕೇ? ಕರ್ತೃವಿನ ಹೆಸರನ್ನು ಮರೆಮಾಚಿ ಆಡಬೇಕೇ?

ಮರೆಮಾಚುವುದು ಸರಿಯಾದ ದಾರಿಯಲ್ಲ ಎಂದಷ್ಟೇ ಹೇಳಬಹುದು. ಬಿಡುವವರು ಬಿಡಲಿ, ಆಡುವವರು ತಿಳಿದು ಆಡಲಿ. ಅಳವಡಿಸುವವನು ಮೊದಲ ಪುಟದಲ್ಲೇ ಆ ಸಂಗತಿಯನ್ನು ಬರೆಯಲಿ. ಹಳೆಯ ಆಟಗಳಲ್ಲಿ ಹೆಂಗಸರ ಬಗ್ಗೆ, ಅನ್ಯ ಜನಾಂಗಗಳ ಬಗ್ಗೆ ಅಂದಿನವರು ಯೋಚಿಸದೆ ಬರೆದ ಸಾಲುಗಳೂ ಇವೆ. ಅವನ್ನು ಸದ್ದಿಲ್ಲದೆ ಅಳಿಸಿದರೆ ಚರಿತ್ರೆಗೆ ಸುಣ್ಣ ಬಳಿದಂತೆ. ಹಾಗೆಯೇ ಆಡಿಸಿದರೆ ಇಂದಿನ ಆಟಗಾರರಿಗೆ ಅವಮಾನ. ಬದಲಿಸಿ, ಬದಲಿಸಿದ್ದೇವೆ ಎಂದು ಹೇಳುವುದೊಂದೇ ನೆಟ್ಟಗಿನ ದಾರಿ.

ಉಳಿಯುವುದು ಯಾವುದು?

ಪರದೆಗೆ ಏರಿಸಿದ ಮಾತ್ರಕ್ಕೆ ಆಟ ಉಳಿಯಿತು ಎಂದುಕೊಳ್ಳುವಂತಿಲ್ಲ. ಒಂದು ಕಾಲಕ್ಕೆ ಅಂತರ್ಜಾಲದ ಆಟಗಳಿಗೆಲ್ಲ ಬುನಾದಿಯಾಗಿದ್ದ 'ಫ್ಲ್ಯಾಶ್' ತಂತ್ರಜ್ಞಾನಕ್ಕೆ 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆ ಬೆಂಬಲ ನಿಲ್ಲಿಸಿತು. ಅದನ್ನು ನಂಬಿದ್ದ ಅಸಂಖ್ಯ ಪುಟಗಳು ಬರಿದಾದವು. ಪರದೆಯ ಮೇಜಿನ ತಂತ್ರಾಂಶಗಳೂ ಹೊಸ ಆವೃತ್ತಿ ಬಂದಾಗಲೆಲ್ಲ ಹವ್ಯಾಸಿಗಳು ಬರೆದ ಹಳೆಯ ಹಾಳೆಗಳನ್ನು ಕೆಡಿಸುವುದುಂಟು. ಬರೆದವರಿಗೆ ಆಸಕ್ತಿ ತೀರಿದ್ದರೆ ಸರಿಪಡಿಸುವವರಿಲ್ಲ. 1974ರ ಪುಸ್ತಿಕೆಯನ್ನು ಇಂದು ತೆರೆದರೂ ಓದಬಹುದು. ಹತ್ತು ವರ್ಷ ಹಿಂದೆ ಬರೆದ ಅಳವಡಿಕೆಗೆ ಆ ಭರವಸೆ ಕೊಡುವವರು ಯಾರು?

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಅಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಆಟಗಳಿಗೆಂದೇ ಮೀಸಲಾದ 'ಸ್ಟ್ರಾಂಗ್' ವಸ್ತುಸಂಗ್ರಹಾಲಯವಿದೆ. ಅಲ್ಲಿನ ರಾಷ್ಟ್ರೀಯ ಆಟಿಕೆಗಳ ಗೌರವ ಭವನಕ್ಕೆ 2016ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಸೇರಿತು. ಇಂಥ ಕಡೆ ಪೆಟ್ಟಿಗೆ, ಪುಸ್ತಕ, ದಾಳ ಜೋಪಾನವಾಗಿರುತ್ತವೆ. ಗಾಜಿನ ಪೆಟ್ಟಿಗೆಯೊಳಗಿನ ವೀಣೆ ವೀಣೆ ಹೌದು, ಸಂಗೀತವಲ್ಲ. ವಸ್ತುವನ್ನು ಕಾಯುವ ಸಂಗ್ರಹಾಲಯವೂ ಬೇಕು, ಆಡಿಸಿ ಕಾಯುವ ಹವ್ಯಾಸಿಯೂ ಬೇಕು. ಅಳವಡಿಕೆಯ ನಿಜವಾದ ಫಲ ತಂತ್ರಾಂಶವಲ್ಲ, ಅದರಿಂದ ತಯಾರಾಗುವ ಆಟಗಾರರು. ಆನ್‌ಲೈನಿನಲ್ಲಿ ಆರು ತಿಂಗಳು ಮೊಲವಾಗಿ ಆಡಿದವನು ನಾಳೆ ತಂತ್ರಾಂಶ ನಿಂತುಹೋದರೂ ನಿಯಮ ಮರೆಯುವುದಿಲ್ಲ. ಅವನು ಇನ್ನೊಬ್ಬರಿಗೆ ಕಲಿಸಬಲ್ಲ.

ನಮಗೂ ಇದರಲ್ಲಿ ಪಾಠವಿದೆ. ಹಳೆಯ ಆಟವೊಂದನ್ನು ಉಳಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸಕ್ಕೆ ಕಂಪ್ಯೂಟರೇ ಬೇಕಿಲ್ಲ. ಆಡಿ ಬಲ್ಲವರ ಎದುರು ಕುಳಿತು ಕೇಳಬೇಕು. ಬರಿದಾದ ಗುಳಿ ಬಂದರೆ ಏನು, ಇಬ್ಬರ ಕಾಯಿ ಒಂದೇ ಮನೆಗೆ ಬಂದರೆ ಏನು, ನಿಮ್ಮ ಊರಿನಲ್ಲಿ ಹೇಗೆ, ಪಕ್ಕದ ಊರಿನಲ್ಲಿ ಹೇಗೆ ಎಂದು ಒಂದೂ ಬಿಡದೆ ಬರೆದುಕೊಳ್ಳಬೇಕು. ಪರದೆ ಆಮೇಲೆ ಬರಲಿ. ಹೇಳುವವರು ಇರುವಾಗಲೇ ಕೇಳಬೇಕಾದ ಪ್ರಶ್ನೆಗಳು ಇವು.